ಕಾರ್ಟರ್ ಅಂತ ಒಬ್ಬನಿದ್ದ

2004ರಲ್ಲಿ ನನಗೆ ಎರಡು ಹೆಸರಿದ್ದವು. ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಹತ್ತೂವರೆವರೆಗೆ ನಾನು ಆಡಂ ಕಾರ್ಟರ್. ಉಳಿದ ಹೊತ್ತು ನಾನೇ. ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ. ಇಂಗ್ಲೆಂಡಿನ ಜನ ಮನೆ ವಿಮೆಗೆ ಸಂಬಂಧಪಟ್ಟು ಫೋನ್ ಮಾಡುತ್ತಿದ್ದರು. ಪೈಪು ಒಡೆದು ನೀರು ನುಗ್ಗಿದ್ದು, ಬಿರುಗಾಳಿಗೆ ಹೆಂಚು ಹಾರಿದ್ದು, ಇಂಥವೇ. ತರಬೇತಿಯ ಮೊದಲ ವಾರದಲ್ಲೇ ಒಂದು ಪಟ್ಟಿ ಕೈಗೆ ಬಂತು. ಎಡಗಡೆ ಹೆಸರು, ಬಲಗಡೆ ಸರ್‌ನೇಮು. ಅಲ್ಲೊಂದು ಇಲ್ಲೊಂದು ಆರಿಸಿಕೊಳ್ಳಿ ಅಂದರು. ಪಕ್ಕದವನು ಸ್ಪೈಡರ್‌ಮ್ಯಾನ್‌ನ ಹೆಸರು ಪೀಟರ್ ಪಾರ್ಕರ್ ಅಂತ ಬರೆದುಕೊಟ್ಟು ಬೈಸಿಕೊಂಡ. ನಾನು ಕಾರ್ಟರ್ ಆದೆ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ, ಹೇಳಲು ಸುಲಭ ಅಷ್ಟೇ. ನನ್ನ ನಿಜವಾದ ಅಡ್ಡಹೆಸರು ಬಡಿಗೇರ. ಅದನ್ನು ಇಂಗ್ಲಿಷಿನಲ್ಲಿ ಬರೆದದ್ದನ್ನು ಟ್ರೇನರ್ ಮೂರು ಸಲ ಓದಲು ಹೋಗಿ, ಕೊನೆಗೆ "ಬ್ಯಾಡ್ ಟೈಗರ್" ಅಂದುಬಿಟ್ಟರು. ಎರಡು ವರ್ಷ ಕ್ಯಾಂಟೀನಿನಲ್ಲಿ ನಾನು ಟೈಗರ್.

ಆ ದೀಪಾವಳಿಗೆ ಊರಿಗೆ ಹೋದಾಗ ಈ ಕಥೆಯನ್ನು ಅಜ್ಜನಿಗೆ ಹೇಳಿದೆ. ಎಲ್ಲರೂ ನಕ್ಕರು, ಅಜ್ಜ ನಗಲಿಲ್ಲ. "ಕಾರ್ಟರ್ ಅಂದ್ರ ಏನಲೇ?" ಅಂದ. ಗೊತ್ತಿಲ್ಲ ಅಂದೆ. "ಅರ್ಥಾನ ಗೊತ್ತಿಲ್ಲದ ಹೆಸರು ಇಟಗೊಂಡೀ?" ಅಂತ ಕೇಳಿ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದ. ಹೆಸರು ಅಂದಮೇಲೆ ಅರ್ಥ ಇರಲೇಬೇಕು ಅನ್ನೋ ಲೆಕ್ಕ ಅವನದು. ನಮ್ಮೂರ ಕಡೆ ಇದ್ದದ್ದೂ ಹಾಗೇ ಅಲ್ವಾ. ಕುಂಬಾರ, ಕಮ್ಮಾರ, ಪತ್ತಾರ, ಅಂಗಡಿ, ಬೆಲ್ಲದ, ಮೆಣಸಿನಕಾಯಿ. ಯಾವುದಕ್ಕೂ ನಿಘಂಟು ತೆಗೆಯಬೇಕಾಗಿಲ್ಲ.

ಅವನ ಪ್ರಶ್ನೆಗೆ ಉತ್ತರ ಸಿಗಲು ನನಗೆ ಹದಿನೈದು ವರ್ಷದ ಮೇಲಾಯಿತು. ಅದೂ ಟಿವಿ ಮುಂದೆ.

ಸ್ಕೋರ್‌ಬೋರ್ಡ್ ಓದುವ ಆಟ

ಇಂಗ್ಲೆಂಡ್ ಮ್ಯಾಚ್ ನಡೆಯುತ್ತಿತ್ತು. ಮಗಳಿಗೆ ಆಗಷ್ಟೇ ಇಂಗ್ಲಿಷ್ ಓದಲು ಬರುತ್ತಿತ್ತು. "ಅಪ್ಪ, ಆರ್ಚರ್ ಅಂದ್ರೆ ಬಿಲ್ಲು ಬಾಣದವನಲ್ವಾ? ಅವ್ನು ಯಾಕೆ ಬಾಲ್ ಹಾಕ್ತಿದಾನೆ?" ಅಂದಳು. ನಕ್ಕೆ, ಆದರೆ ಆಮೇಲೆ ನನಗೇ ಅದೇ ಚಾಳಿ ಹತ್ತಿತು. ಬಟ್ಲರ್ ಅಂದರೆ ದೊಡ್ಡ ಮನೆಯಲ್ಲಿ ಸೀಸೆ, ವೈನು ನೋಡಿಕೊಳ್ಳುತ್ತಿದ್ದವನು. ಸೀಸೆಗಿರುವ ಫ್ರೆಂಚ್ ಮಾತಿನಿಂದ ಬಂದದ್ದು. ಕುಕ್ ಅಂದರೆ ಅಡುಗೆಯವನು. ಮಾರ್ಕ್ ವುಡ್ ಕಾಡಿನ ಪಕ್ಕದವನಾದರೆ, ಹಳೇ ಕಾಲದ ಅಂಡರ್‌ವುಡ್ ಕಾಡಿನ ಬುಡದವನು. ಬೋಥಮ್ ಅಂದರೆ ಕಣಿವೆಯ ತಳದಲ್ಲಿ ಮನೆ ಇದ್ದವನು. ಇಂಗ್ಲೆಂಡಿನ ಉತ್ತರದಲ್ಲಿ ಲಾಂಗ್‌ಬಾಟಮ್, ಸೈಡ್‌ಬಾಟಮ್ ಅಂತೆಲ್ಲ ಹೆಸರಿವೆ. ಕೇಳಿದವರು ಮುಸಿಮುಸಿ ನಗುತ್ತಾರೆ, ಆದರೆ ಆ ಬಾಟಮ್ಮೂ ಬರೀ ಕಣಿವೆಯ ತಳವೇ. ನಮ್ಮ ಟೀಮಿಗೆ ಕೋಚ್ ಆಗಿದ್ದ ಡಂಕನ್ ಫ್ಲೆಚರ್? ಫ್ಲೆಚರ್ ಅಂದರೆ ಬಾಣ ಮಾಡುವವನು. ಅವನು ಮಾಡಿದ್ದನ್ನು ಆರ್ಚರ್ ಬಿಡಬೇಕು.

ಫ್ಲೆಚರ್‌ಗಿಂತ ಮುಂಚೆ, 2000ದಿಂದ 2005ರವರೆಗೆ, ನಮ್ಮ ಕೋಚ್ ಆಗಿದ್ದವರು ನ್ಯೂಜಿಲೆಂಡಿನ ಜಾನ್ ರೈಟ್. ಬರೆಯುವಾಗ ಡಬ್ಲ್ಯು ಹಾಕಿ ಬರೆಯುವ ರೈಟ್. ಈ ಡಬ್ಲ್ಯು ನನ್ನನ್ನು ಒಮ್ಮೆ ಸಿಕ್ಕಿಸಿಹಾಕಿತ್ತು. ಕಾಲ್ ಸೆಂಟರಿನ ಎರಡನೇ ವಾರ, ಯಾರೋ ವಯಸ್ಸಾದವರು ಫೋನಿನಲ್ಲಿ ರೈಟ್ ಅಂದರು. ನಾನು "ಸರಿ" ಅಂತ ಅರ್ಥಮಾಡಿಕೊಂಡು "ನಿಮ್ಮ ಹೆಸರು ಸರ್?" ಅಂದೆ. "ರೈಟ್" ಅಂದರು ಮತ್ತೆ. "ಥ್ಯಾಂಕ್ಯೂ ಸರ್, ಹೆಸರು ಹೇಳಿ" ಅಂದೆ. ಆ ಕಾಲ್ ರೆಕಾರ್ಡ್ ಆಗಿ, ಮುಂದಿನ ಮೂರು ಬ್ಯಾಚಿನವರಿಗೆ ತರಬೇತಿಯಲ್ಲಿ ಕೇಳಿಸಿದರು.

ರೈಟ್ ಅಂದರೆ ಮರಗೆಲಸದವನು. ಅಂದರೆ ಬಡಿಗ. ಅಂದರೆ ನಾನೇ. ಇಂಗ್ಲಿಷಿನ ಹಳೇ ಮಾತು ಇದು. ಏನನ್ನಾದರೂ ಕೈಯಿಂದ ಕಟ್ಟುವವನು ಅಂತ ಮೂಲ ಅರ್ಥ. ನಾಟಕಕಾರನಿಗೆ ಅವರು ಪ್ಲೇರೈಟ್ ಅನ್ನುವುದೂ ಇದೇ ರೈಟು. ಬರೆಯುವ ರೈಟಲ್ಲ, ಕಟ್ಟುವ ರೈಟು. 1066ರಲ್ಲಿ ನಾರ್ಮಂಡಿಯವರು ಬಂದು ಇಂಗ್ಲೆಂಡನ್ನು ಗೆದ್ದಮೇಲೆ ಅದೇ ಕಸುಬಿಗೆ ಅವರ ಫ್ರೆಂಚಿನಿಂದ ಕಾರ್ಪೆಂಟರ್ ಅನ್ನೋ ಮಾತು ಬಂತು. ಆಡುಮಾತಿನಲ್ಲಿ ಹೊಸ ಪದವೇ ಗೆದ್ದಿತು. ಇವತ್ತು ಯಾರೂ "ರೈಟ್‌ನನ್ನು ಕರಿ, ಬಾಗಿಲು ಕೂರ್ತಿಲ್ಲ" ಅನ್ನುವುದಿಲ್ಲ. ಅಡ್ಡಹೆಸರಿನಲ್ಲಿ ಮಾತ್ರ ಹಳೆಯದೇ ಜಾಸ್ತಿ ಉಳಿಯಿತು. ನಾನು ದಿನಾ ಪೇಪರಿನಲ್ಲಿ ಸಚಿನ್, ದ್ರಾವಿಡ್ ಪಕ್ಕ ಜಾನ್ ಬಡಿಗೇರನ ಫೋಟೋ ನೋಡಿ, ಆಮೇಲೆ ಕಾರ್ಟರ್ ಆಗಲು ಬಸ್ ಹತ್ತುತ್ತಿದ್ದೆ.

ಇನ್ನು ಕಾರ್ಟರ್. ಕಾರ್ಟ್ ಅಂದರೆ ಬಂಡಿ, ಕಾರ್ಟರ್ ಅಂದರೆ ಬಂಡಿ ಹೊಡೆಯುವವನು. ಬಂಡಿ ಮಾಡುವವನಾದರೆ ಕಾರ್ಟ್‌ರೈಟ್. ಇಲ್ಲವೇ ವೇನ್‌ರೈಟ್, ಅದೂ ಬಂಡಿಯೇ. ಬರೀ ಗಾಲಿ ಮಾಡುವವನು ವೀಲ್‌ರೈಟ್. ಪಟ್ಟಿಯಲ್ಲಿ ಇನ್ನೊಂದು ಸಾಲು ಕೆಳಗೆ ನೋಡಿದ್ದರೆ ನನಗೆ ಕಾರ್ಟ್‌ರೈಟ್ ಸಿಗುತ್ತಿತ್ತೇನೋ. ಯಾಕೆಂದರೆ ಅಜ್ಜ ಜೀವಮಾನವೆಲ್ಲ ಮಾಡಿದ್ದು ಚಕ್ಕಡಿ. ಆದರೆ ಅವನದು ಅಂತ ಒಂದು ಚಕ್ಕಡಿ ಇರಲಿಲ್ಲ, ಒಂದು ಜೋಡಿ ಎತ್ತೂ ಇರಲಿಲ್ಲ.

ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸುವ ದಿನ ನನಗೆ ಚೆನ್ನಾಗಿ ನೆನಪಿದೆ. ಅವತ್ತು ಶಾಲೆಗೆ ಚಕ್ಕರ್. ಅಜ್ಜ ವಾರಗಟ್ಟಲೆ ಕೂತು ಜಾಲಿ ಮರದ ತುಂಡುಗಳನ್ನು ಬಾಚಿಯಿಂದ ಕೆತ್ತಿ, ನಡುವಿನ ಗುಂಬಕ್ಕೆ ಅರಗಳನ್ನು ಬಡಿದು, ಸುತ್ತು ಜೋಡಿಸಿ ಗಾಲಿ ಮಾಡಿರುತ್ತಿದ್ದ. ಕಮ್ಮಾರರ ಮನೆಯವರು ಪಟ್ಟಿ ತರುತ್ತಿದ್ದರು. ಅದು ಗಾಲಿಗಿಂತ ಸ್ವಲ್ಪ ಚಿಕ್ಕದಾಗೇ ಇರಬೇಕು. ಬಯಲಿನಲ್ಲಿ ಕುಳ್ಳು ಸುತ್ತಲೂ ಒಟ್ಟಿ ಬೆಂಕಿ ಹಾಕಿ, ಪಟ್ಟಿಯನ್ನು ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಇಳಿಸಬೇಕು. ಕಾದದ್ದು ಹಿಗ್ಗಿರುತ್ತೆ, ಕೂರುತ್ತೆ. ಮರ ಹೊತ್ತಿಕೊಳ್ಳುತ್ತೆ. ತಕ್ಷಣ ಕೊಡಗಟ್ಟಲೆ ನೀರು. ಬುಸ್ಸಂತ ಹೊಗೆ, ಹಬೆ. ಪಟ್ಟಿ ಕುಗ್ಗುತ್ತಾ ಮರವನ್ನು ಹಿಡಿದುಕೊಳ್ಳುವಾಗ ಗಾಲಿಯ ಸಂದುಗಳೆಲ್ಲ ಟಕಟಕ ಅಂತ ಒಂದರೊಳಗೊಂದು ಕೂರುವ ಸದ್ದು ಬರುತ್ತಿತ್ತು. ಅಜ್ಜ ಆ ಸದ್ದನ್ನು ಕಿವಿಗೊಟ್ಟು ಎಣಿಸುತ್ತಿದ್ದ. ಒಂದು ಸಂದು ಸದ್ದು ಮಾಡದಿದ್ದರೂ ಅವನ ಮುಖ ಸಣ್ಣಗಾಗುತ್ತಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲೂ ವೀಲ್‌ರೈಟನೂ ಸ್ಮಿತ್ತೂ, ಅಂದರೆ ಕಮ್ಮಾರನೂ, ಸೇರಿ ಇದೇ ರೀತಿ, ಬೆಂಕಿ ನೀರು ಇಟ್ಟುಕೊಂಡು, ಪಟ್ಟಿ ಕೂರಿಸುತ್ತಿದ್ದರು ಅಂತ ಆಮೇಲೆ ಓದಿದೆ.

ಜಾನ್‌ಗಳು ಜಾಸ್ತಿಯಾದಾಗ

ಇಂಗ್ಲೆಂಡಿನಲ್ಲಿ ಮೊದಲು ಅಡ್ಡಹೆಸರೇ ಇರಲಿಲ್ಲ. ನಾರ್ಮನ್ನರು ಬಂದಮೇಲೆ ಮಕ್ಕಳಿಗೆಲ್ಲ ವಿಲಿಯಂ, ರಾಬರ್ಟ್, ರಿಚರ್ಡ್, ಜಾನ್ ಅಂತ ಅವೇ ಹೆಸರು ಇಡುವುದು ಶುರುವಾಯಿತು. ಒಂದು ಹಳ್ಳಿಯಲ್ಲಿ ಆರು ಜಾನ್ ಇದ್ದರೆ ಕಂದಾಯ ಬರೆಯುವವನು ಏನು ಮಾಡಬೇಕು? ನಮ್ಮೂರಲ್ಲಿ ಐದು ಮಲ್ಲಪ್ಪ ಇದ್ದರು. ಕೆರಿ ದಂಡಿ ಮಲ್ಲಪ್ಪ, ಕೆಂಚ ಮಲ್ಲಪ್ಪ, ಗಿರಣಿ ಮಲ್ಲಪ್ಪ, ನಿಂಗವ್ವನ ಮಲ್ಲಪ್ಪ, ಇನ್ನೊಬ್ಬನದು ಇಲ್ಲಿ ಬರೆಯುವಂಥದ್ದಲ್ಲ. ಇಂಗ್ಲಿಷ್ ಸರ್‌ನೇಮುಗಳ ಪೂರ್ತಿ ಶಾಸ್ತ್ರ ಈ ಐವರಲ್ಲೇ ಮುಗಿಯಿತು ನೋಡಿ. ಜಾಗದಿಂದ ಬಂದದ್ದು ಹಿಲ್, ಅಟ್‌ವುಡ್, ಟೌನ್ಸೆಂಡ್. ಮೈಬಣ್ಣ, ಕೂದಲಿಂದ ಬಂದದ್ದು ಬ್ರೌನ್, ರೀಡ್. ಈ ರೀಡ್ ಅಂದರೆ ಕೆಂಪು. ಕಸುಬಿನಿಂದ ಬಂದದ್ದು ಮಿಲ್ಲರ್, ಅವನೇ ಗಿರಣಿ ಮಲ್ಲಪ್ಪ. ಅಪ್ಪ ಅಮ್ಮನಿಂದ ಬಂದದ್ದು ಜಾನ್ಸನ್, ಮೆಗ್ಸನ್. ಮೆಗ್ ಅನ್ನುವವಳ ಮಗ ಮೆಗ್ಸನ್. ತಾಯಿ ಹೆಸರಿನಿಂದ ಬಂದವೂ ಅಲ್ಲಿ ಸುಮಾರಿವೆ.

ಇದರಲ್ಲಿ ನನಗೆ ಬಲು ಇಷ್ಟವಾದದ್ದು ಮುದ್ದಿನ ಹೆಸರುಗಳ ಕಾಟ. ರಾಬರ್ಟ್ ಮನೆಯಲ್ಲಿ ರಾಬ್ ಆದ. ಸರಿ. ಆ ಕಾಲದವರಿಗೆ ಪ್ರಾಸದ ಹುಚ್ಚು. ರಾಬ್ ಹೋಗಿ ಹಾಬ್ ಆಯಿತು, ಡಾಬ್ ಆಯಿತು. ಅದರಿಂದ ರಾಬಿನ್ಸನ್, ಹಾಬ್ಸನ್, ಹಾಪ್ಕಿನ್ಸ್, ಡಾಬ್ಸನ್. ರಿಚರ್ಡ್ ರಿಕ್ ಆಗಿ, ಹಿಕ್ ಆಗಿ, ಡಿಕ್ ಆಗಿ, ಕೊನೆಗೆ ರಿಚರ್ಡ್ಸನ್, ಹಿಕ್ಸ್, ಡಿಕ್ಸನ್. ಇವರೆಲ್ಲ ಒಂದೇ ಹೆಸರಿನ ಮೊಮ್ಮಕ್ಕಳು, ಆದರೆ ಎದುರು ಸಿಕ್ಕರೆ ಒಬ್ಬರಿಗೊಬ್ಬರು ಗುರುತೇ ಇಲ್ಲ. ನಮ್ಮಲ್ಲಿ ಬಸವರಾಜ ಬಸ್ಯಾ ಆಗುತ್ತಾನೆ, ಬಸು ಆಗುತ್ತಾನೆ. ಪುಣ್ಯಕ್ಕೆ ಯಾವ ಶಾನುಭೋಗನೂ ಅದನ್ನು ಪುಸ್ತಕಕ್ಕೆ ಏರಿಸಲಿಲ್ಲ.

ವೇಲ್ಸಿನವರದು ಇನ್ನೊಂದು ಕಥೆ. ಅಲ್ಲಿ ಮಗ ಅನ್ನುವುದಕ್ಕೆ ಆಪ್ ಅಂತ ಸೇರಿಸುತ್ತಿದ್ದರು. ಹುವ್‌ನ ಮಗ ಆಪ್ ಹುವ್. ತಲೆಮಾರು ಬದಲಾದರೆ ಹೆಸರೂ ಬದಲು. ಇಂಗ್ಲಿಷ್ ಕಾನೂನು, ಇಂಗ್ಲಿಷ್ ದಫ್ತರ ಬಂದಮೇಲೆ ಅದು ಅಂಟಿಕೊಂಡು ಹೋಯಿತು. ಆಪ್ ಹುವ್ ಈಗ ಪ್ಯೂ, ಆಪ್ ಹೊವೆಲ್ ಈಗ ಪೊವೆಲ್, ಆಪ್ ರೀಸ್ ಈಗ ಪ್ರೈಸ್. ಉಳಿದವರು ಜಾನ್‌ನ ಮಕ್ಕಳು ಅಂತ ಜೋನ್ಸ್ ಆದರು. ಎಷ್ಟು ಜನ ಆದರು ಅಂದರೆ, ನನ್ನ ಕಂಪ್ಯೂಟರಿನಲ್ಲಿ ಡೇವಿಡ್ ಜೋನ್ಸ್ ಅಂತ ಹೊಡೆದರೆ ಪರದೆ ತುಂಬಿ ಹರಿಯುತ್ತಿತ್ತು. ಹುಟ್ಟಿದ ತಾರೀಖು, ಪೋಸ್ಟ್‌ಕೋಡ್, ಬೀದಿ ಕೇಳಿ ಕೇಳಿ ಸಾಕಾಗುತ್ತಿತ್ತು. ವೇಲ್ಸಿನ ಹಳ್ಳಿಗರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಹಾಲು ಹಾಕುವವನು ಜೋನ್ಸ್ ದ ಮಿಲ್ಕ್, ಅಂಚೆಯವನು ಜೋನ್ಸ್ ದ ಪೋಸ್ಟ್. ಅಡ್ಡಹೆಸರಿಗೇ ಇನ್ನೊಂದು ಅಡ್ಡಹೆಸರು!

ಆಪ್ ಬಿಟ್ಟು ಬರೀ ರೀಸ್ ಉಳಿಸಿಕೊಂಡವರೂ ಇದ್ದರು. ಅದು ಇಂಗ್ಲಿಷಿನಲ್ಲಿ ರೈಸ್ ಆಯಿತು. ನಮ್ಮ ಶಾಸನಗಳನ್ನೆಲ್ಲ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ತಂದ ಬಿ. ಎಲ್. ರೈಸ್ ಹೆಸರು ಕೇಳಿ ಚಿಕ್ಕವನಿದ್ದಾಗ ನಾನು ಅನ್ನ ಅಂದುಕೊಂಡಿದ್ದೆ. ಆ ಹೆಸರಿಗೂ ಅಕ್ಕಿಗೂ ಸಂಬಂಧವಿಲ್ಲ. ಅಕ್ಕಿ ಅನ್ನುವ ಅಡ್ಡಹೆಸರು ಬೇಕಿದ್ದರೆ ನಮ್ಮ ಹುಬ್ಬಳ್ಳಿ-ಗದಗ ಕಡೆ ಬನ್ನಿ, ಬೇಕಾದಷ್ಟು ಸಿಗುತ್ತೆ. ಹಾಗೇ ಶಿವಾಜಿನಗರದ ರಸೆಲ್ ಮಾರ್ಕೆಟ್. ರಸೆಲ್ ಅಂದರೆ ಕೆಂಚ, ಕೆಂಪು ಕೂದಲಿನವನು. ಅಲ್ಲಿ ಸೊಪ್ಪು ಕೊಳ್ಳುವಾಗಲೆಲ್ಲ ನನಗೆ ನಮ್ಮೂರ ಕೆಂಚ ಮಲ್ಲಪ್ಪ ನೆನಪಾಗುತ್ತಾನೆ.

ತುಳಿಯುವವರು

ವಾಕರ್ ಅನ್ನುವ ಹೆಸರಿಗೆ ನಡೆಯುವವನು ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ನಡೆಯುವುದೇನೋ ಹೌದು, ಆದರೆ ಬಟ್ಟೆಯ ಮೇಲೆ. ಉಣ್ಣೆಯ ಬಟ್ಟೆ ಮಗ್ಗದಿಂದ ಇಳಿದಾಗ ಜಿಡ್ಡು ಜಿಡ್ಡಾಗಿ, ಸಡಿಲವಾಗಿ ಇರುತ್ತೆ. ಅದನ್ನು ತೊಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಬೇಕು. ತೊಟ್ಟಿಯಲ್ಲಿ ಬರೀ ನೀರಲ್ಲ, ಹಳಸಿದ ಉಚ್ಚೆಯೂ ಇರುತ್ತಿತ್ತು. ಜಿಡ್ಡು ಬಿಡಿಸಲು ಅದೇ ಸೋಪು. ದಿನವಿಡೀ ಅದರಲ್ಲಿ ನಿಂತು ತುಳಿಯುವವನಿಗೆ ಉತ್ತರದಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದ ಡೆವನ್ ಕಡೆ ಟಕರ್ ಅಂದರು. ಕೆಲಸ ಒಂದೇ, ಹೆಸರು ಮೂರು. ಟಕರ್ ಅಂತ ಹೆಸರಿದ್ದವನ ಮುತ್ತಜ್ಜ ಯಾವ ಮೂಲೆಯವನು ಅಂತ ಹೆಸರಿನಿಂದಲೇ ಅಂದಾಜು ಮಾಡಬಹುದು. ಗಾಣಿಗೇರ ಅಂದರೆ ಧಾರವಾಡದ ಕಡೆ, ಗಾಣಿಗ ಅಂದರೆ ಕುಂದಾಪುರದ ಕಡೆ ಅಂತ ನಾವು ಊಹಿಸುವುದಿಲ್ಲವೇ, ಹಾಗೆ.

ಈ ಫುಲ್ಲರ್‌ಗಳು ಜಿಡ್ಡು ಹೀರಲು ಒಂದು ಬಗೆಯ ಜೇಡಿಮಣ್ಣನ್ನೂ ಬಳಸುತ್ತಿದ್ದರು. ಅದಕ್ಕೆ ಫುಲ್ಲರ್ಸ್ ಅರ್ತ್ ಅಂತಲೇ ಹೆಸರು. ಮೊನ್ನೆ ಹೆಂಡತಿಯ ಮುಲ್ತಾನಿ ಮಿಟ್ಟಿ ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಆ ಹೆಸರು ಕಂಡು ಕುಣಿದಾಡಿದೆ. ಇದು ಮೊದಲು ಏನಕ್ಕೆ ಬಳಸ್ತಿದ್ರು ಗೊತ್ತಾ ಅಂತ ಶುರು ಮಾಡಿ, ತೊಟ್ಟಿಯವರೆಗೆ ಬರುವಷ್ಟರಲ್ಲಿ ಅವಳು ಮುಖ ತೊಳೆಯಲು ಎದ್ದು ಹೋದಳು.

ಹೆಂಗಸರ ಕಸುಬೂ ಇಲ್ಲಿ ಅಡಗಿದೆ. ವೆಬ್‌ಸ್ಟರ್, ಬ್ರೂಸ್ಟರ್, ಬಾಕ್ಸ್‌ಟರ್. ಕೊನೆಗಿರುವ ಸ್ಟರ್ ಮೊದಲು ಹೆಂಗಸರಿಗೆ ಹಚ್ಚುತ್ತಿದ್ದ ಬಾಲ. ನೇಯುವವಳು, ಬಿಯರ್ ಕಾಯಿಸುವವಳು, ರೊಟ್ಟಿ ಸುಡುವವಳು. ಆಮೇಲೆ ಗಂಡಸರಿಗೂ ಅಂಟಿತು. ಎಷ್ಟೋ ಮೀಸೆಯ ಮಿಸ್ಟರ್ ಬಾಕ್ಸ್‌ಟರ್‌ಗಳಿಗೆ ತಮ್ಮ ಹೆಸರಿನಲ್ಲಿ ರೊಟ್ಟಿ ಸುಡುತ್ತಿರುವ ಅಜ್ಜಿಯೊಬ್ಬಳು ಕೂತಿದ್ದಾಳೆ ಅಂತ ಗೊತ್ತಿರಲಿಕ್ಕಿಲ್ಲ.

ಹೆಸರು ಒಂದು ಕಡೆ, ಕೈ ಇನ್ನೊಂದು ಕಡೆ

ಹೆಸರು ಅಪ್ಪನಿಂದ ಮಗನಿಗೆ ಇಳಿಯಲು ಶುರುವಾದದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಭೂಮಿ ಇದ್ದ ದೊಡ್ಡವರು, ಆಮೇಲೆ ಉಳಿದವರು. 1400ರ ಹೊತ್ತಿಗೆ ಇಂಗ್ಲೆಂಡಿನ ಹೆಚ್ಚಿನ ಮನೆತನಗಳಿಗೆ ಹೆಸರು ಅಂಟಿತ್ತು. ಇದರ ಮಧ್ಯೆ 1377, 1379, 1381ರಲ್ಲಿ ತಲೆಗಂದಾಯ ಹಾಕಿದರು. ಜನ ದಂಗೆ ಎದ್ದರು. 1381ರ ಆ ದಂಗೆಯ ನಾಯಕ ವಾಟ್ ಟೈಲರ್. ಈ ಟೈಲರ್ ಬಟ್ಟೆ ಹೊಲಿಯುವವನಲ್ಲ, ಹೆಂಚು ಹೊದಿಸುವವನು. ಕಂದಾಯದ ಪಟ್ಟಿಗಳು ಮಾತ್ರ ಉಳಿದುಕೊಂಡವು. ಅದರಲ್ಲಿ ಕೆಲವರ ಹೆಸರಿನ ಕಸುಬು ಒಂದು, ಪಕ್ಕದಲ್ಲಿ ಬರೆದ ಕಸುಬು ಇನ್ನೊಂದು. ಸ್ಮಿತ್ ಅಂತ ಹೆಸರು, ಕೆಲಸ ಕಬ್ಬಿಣದ್ದಲ್ಲ. ಹಾಗೆ ಬಂದರೆ ಹೆಸರು ಅಪ್ಪನದೋ ಅಜ್ಜನದೋ ಇರಬೇಕು ಅಂತ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ನನಗೆ ಆ ಮೊದಲ ಮಗನನ್ನು ನೋಡುವ ಆಸೆ. ಅಪ್ಪನ ಸುತ್ತಿಗೆ ಬಿಟ್ಟು ಹೊಲಿಗೆಗೆ ಕೂತವನು, ಊರವರು ಇನ್ನೂ ಸ್ಮಿತ್ ಅಂತಲೇ ಕರೆದಾಗ ತಿದ್ದಿದನೋ, ಸುಮ್ಮನಾದನೋ.

ಆರ್ಕ್‌ರೈಟ್ ಅಂತ ಒಂದು ಹೆಸರಿದೆ. ಆರ್ಕ್ ಅಂದರೆ ಮರದ ಪೆಟ್ಟಿಗೆ. ಪೆಟ್ಟಿಗೆ ಮಾಡುವ ಬಡಿಗ ಅವನು. 1732ರಲ್ಲಿ ಪ್ರೆಸ್ಟನ್ನಿನಲ್ಲಿ ಹುಟ್ಟಿದ ರಿಚರ್ಡ್ ಆರ್ಕ್‌ರೈಟ್‌ನ ಅಪ್ಪ ದರ್ಜಿ. ಮಗ ಕ್ಷೌರಿಕನಾದ, ಟೋಪನ್ ಮಾಡುತ್ತಿದ್ದ. ಆಮೇಲೆ 1769ರಲ್ಲಿ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದು, ಗಿರಣಿ ಕಟ್ಟಿ, ಸರ್ ಅನ್ನಿಸಿಕೊಂಡು, ದೊಡ್ಡ ಸಾಹುಕಾರನಾಗಿ ಸತ್ತ. ಲ್ಯಾಂಕಾಶೈರಿನ ಇಂಥ ಗಿರಣಿಗಳ ನೂಲು ಬಟ್ಟೆ ಮುಂದೆ ನಮ್ಮ ನೂಲುವವರ, ನೇಯುವವರ ಹೊಟ್ಟೆಗೆ ಹೊಡೆಯಿತು, ಅದು ಬೇರೆ ಮಾತು. ಹೆಸರಲ್ಲಿ ಬಡಿಗ, ಮನೆಯಲ್ಲಿ ದರ್ಜಿ, ಕೈಯಲ್ಲಿ ಕತ್ತಿ, ಕೊನೆಗೆ ಗಿರಣಿ. ಈ ಮನುಷ್ಯನ ಬಗ್ಗೆ ಓದುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ಅವನ ಶ್ರೀಮಂತಿಕೆಗಲ್ಲ. ಅಷ್ಟು ಸಲ ಕಸುಬು ಬದಲಿಸಿದರೂ ಆರ್ಕ್‌ರೈಟ್ ಅನ್ನುವುದನ್ನು ಕೇಳಿ "ಓ, ಪೆಟ್ಟಿಗೆಯವರಾ" ಅಂತ ಯಾರೂ ಅಂದಿರಲಿಕ್ಕಿಲ್ಲ.

ಅಲ್ಲಿ ಹೆಸರು ಓದುವವರೇ ಇಲ್ಲ ಅಂತಲ್ಲ. ಸ್ಮಿತ್ ಸಾಲದು ಅಂತ ಸ್ಮೈತ್ ಆದವರಿದ್ದಾರೆ. ರಾಜಮನೆತನವೇ ಬದಲಿಸಿಕೊಂಡಿದೆ. ಮೊದಲನೇ ಮಹಾಯುದ್ಧದ ನಡುವೆ, 1917ರಲ್ಲಿ, ಸಾಕ್ಸ್-ಕೋಬರ್ಗ್ ಅನ್ನುವ ಜರ್ಮನ್ ಹೆಸರು ಮುಜುಗರವಾಗಿ ಐದನೇ ಜಾರ್ಜ್ ತನ್ನ ಅರಮನೆಯ ಊರಿನ ಹೆಸರು ಹಿಡಿದು ವಿಂಡ್ಸರ್ ಆದ. ಅದೇ ವರ್ಷ ಅವನ ನೆಂಟರು ಬ್ಯಾಟನ್‌ಬರ್ಗ್ ಹೋಗಿ ಮೌಂಟ್‌ಬ್ಯಾಟನ್ ಆದರು. ನಮಗೆ ಗೊತ್ತಿರುವ ಮೌಂಟ್‌ಬ್ಯಾಟನ್ನೇ. ನನ್ನ ಕಾಕಾನ ಮಗನೂ ಹೀಗೇ ಬೆಂಗಳೂರಿಗೆ ಬಂದ ವರ್ಷವೇ ಬಡಿಗೇರ ಬಿಟ್ಟು ಆಚಾರ್ ಅಂತ ಬರೆಸಿಕೊಂಡ. "ಏನ್ ಮಾಡೋದಣ್ಣ, ಬಾಡಿಗೆ ಮನಿ ಸಿಗವಲ್ದು" ಅಂದ. ನನಗೂ ಆ ಅನುಭವವಿತ್ತು. ಒಬ್ಬ ಮಾಲೀಕರು ಅಡ್ವಾನ್ಸ್ ಕೈಯಲ್ಲಿ ಹಿಡಿದು, "ಬಡಿಗೇರ ಅಂದ್ರೆ ನೀವು..." ಅಂತ ಅಲ್ಲೇ ನಿಲ್ಲಿಸಿದ್ದರು. ಉಳಿದದ್ದನ್ನು ನಾನು ತುಂಬಬೇಕು. ಕಾರ್ಟರ್ ಆಗಿದ್ದ ಎರಡು ವರ್ಷದಲ್ಲಿ ಸಾವಿರಾರು ಜನರ ಹತ್ತಿರ ಮಾತಾಡಿದೆ. ಬೈದವರಿದ್ದಾರೆ, ನೀನು ಎಲ್ಲಿಂದ ಮಾತಾಡ್ತಿದ್ದೀಯ ನಿಜ ಹೇಳು ಅಂದವರಿದ್ದಾರೆ. ಕಾರ್ಟರ್ ಅಂದ್ರೆ ನೀವು ಯಾರು ಅಂತ ಒಬ್ಬರೂ ಕೇಳಲಿಲ್ಲ. ಬರೀ ಅಜ್ಜ ಕೇಳಿದ. ಅವನು ಕೇಳಿದ್ದು ಅರ್ಥ.

ಅವನು 2011ರಲ್ಲಿ ಹೋದ. ಬಾಚಿ, ಉಳಿ ಅಟ್ಟದ ಮೇಲಿವೆ. ಕಾರ್ಟರ್ ಅಂದ್ರೆ ಚಕ್ಕಡಿ ಹೊಡಿಯಾಂವ ಅಂತ ಹೇಳಿದ್ದರೆ, "ನಮ್ಮ ಮನ್ಯಾಗ ಯಾರ ಹೊಡದಾರಲೇ?" ಅಂತಿದ್ದನೇನೋ.

ಹೋದ ತಿಂಗಳು ಊರಿಂದ ಬರುವಾಗ ಮಳೆ ಜೋರಾಗಿ, ಹೈವೇ ಪಕ್ಕದ ಒಂದು ರೆಸಾರ್ಟಿನಲ್ಲಿ ಇಳಿದುಕೊಂಡೆವು. ಬಾಗಿಲ ಎರಡೂ ಬದಿ ಗೋಡೆಗೆ ಒರಗಿಸಿದ ಚಕ್ಕಡಿ ಗಾಲಿ, ಮೇಲೆ ಹೊಳೆಯುವ ವಾರ್ನಿಷ್. ಒಂದರ ಅರ ಹಿಡಿದು ಅಲ್ಲಾಡಿಸಿ ನೋಡಿದೆ. ಅಲುಗಲಿಲ್ಲ. ಮಾಡಿದವನು ಗಟ್ಟಿಗ. ಒಳಗೆ ಕೌಂಟರಿನ ಹುಡುಗ ಆಧಾರ್ ಕಾರ್ಡ್ ಇಸಕೊಂಡು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡ. ಒಂದು ಸಲ ಕಾರ್ಡು, ಒಂದು ಸಲ ನನ್ನ ಮುಖ.

"ಬಡಿಗೇರ ಅಂದ್ರೆ... ಯಾವ ಕಡೆಯವ್ರು ಸರ್?"

"ಗದಗ ಕಡೆ" ಅಂದೆ.

ಅವನು ಪೆನ್ನು ಎತ್ತಿ ಹಿಡಿದು ಹಾಗೇ ನಿಂತಿದ್ದ. ಬಿಸಿನೀರು ಎಷ್ಟು ಗಂಟೆವರೆಗೆ ಬರುತ್ತೆ ಅಂತ ಕೇಳಿದೆ.